ಪರಕ್ಕೊಬ್ಬಳು, ವಿರೋಧಕ್ಕೊಬ್ಬಳು

ನಮ್ಮ ಶಾಲೆಯಲ್ಲಿ ಶಾಂತಿ ಕಲಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಶಾಂತ ಸ್ವಭಾವದವಳು ಎಂಬ ಕಾರಣಕ್ಕಲ್ಲ. ನನ್ನ ದನಿ ಏರಿದರೆ ಪಕ್ಕದ ತರಗತಿಯ ಮಕ್ಕಳೂ ಪುಸ್ತಕ ತೆರೆಯುತ್ತಾರೆ. ಇದು ಅರ್ಧ ಲಷ್ಕರ್ ಮೊಹಲ್ಲಾಕ್ಕೆ ಗೊತ್ತಿರುವ ಸಂಗತಿ. ಕಾರಣ ಬೇರೆ ಇತ್ತು. ನಾನು ಕ್ರೈಸ್ತಳು.

"ನೀವು ಆ ಕಡೇನೂ ಅಲ್ಲ, ಈ ಕಡೇನೂ ಅಲ್ಲ ಮೇಡಂ. ಇದು ನಿಮಗೇ ಸರಿಹೋಗುತ್ತೆ," ಎಂದರು ನಮ್ಮ ಹೆಡ್‌ಮಾಸ್ಟರು, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ. ಉಳಿದ ಮೇಷ್ಟ್ರುಗಳು ಜೋರಾಗಿ ತಲೆಯಾಡಿಸಿದರು. ಕೆಲಸ ತಮ್ಮ ತಲೆಗೆ ಬರಲಿಲ್ಲವೆಂಬ ಸಂತೋಷದಲ್ಲಿ ಅವರೆಲ್ಲ ಅಂದು ಒಂದೇ ಜಾತಿಯವರಾಗಿದ್ದರು.

ಕ್ರೈಸ್ತರ ಬಗ್ಗೆ ನಮ್ಮ ಹೆಡ್‌ಮಾಸ್ಟರಿಗಿದ್ದ ಕಲ್ಪನೆ ಏನೆಂದು ನನಗೆ ಈಗಲೂ ಗೊತ್ತಿಲ್ಲ. ಬಹುಶಃ ನಾವೆಲ್ಲ ಭಾನುವಾರ ಬಿಳಿ ಬಟ್ಟೆ ಹಾಕಿಕೊಂಡು ಒಬ್ಬರಿಗೊಬ್ಬರು ಕೇಕ್ ತಿನ್ನಿಸುತ್ತೇವೆ ಎಂದುಕೊಂಡಿದ್ದರು. ನಮ್ಮ ಚರ್ಚಿನಲ್ಲಿ ಹಬ್ಬದ ದಿನ ಎಂಟು ಗಂಟೆಯ ಪೂಜೆ ಕನ್ನಡದಲ್ಲಿರಬೇಕೋ ತಮಿಳಿನಲ್ಲಿರಬೇಕೋ ಎಂದು ಶುರುವಾದ ಜಗಳ ನನ್ನ ಮದುವೆಗೆ ಮುಂಚಿನದು. ಈಗ ನನಗೆ ಸೊಸೆ ಬಂದಿದ್ದಾಳೆ, ಜಗಳ ಇನ್ನೂ ಇದೆ. ಶಿಲುಬೆಯ ಮೇಲಿನಿಂದ ಯೇಸುಸ್ವಾಮಿ ಎರಡೂ ಗಾಯನ ತಂಡಗಳನ್ನು ಸಹಿಸಿಕೊಂಡು ನೋಡುತ್ತಿರುತ್ತಾನೆ. ಇದನ್ನೆಲ್ಲ ಹೆಡ್‌ಮಾಸ್ಟರಿಗೆ ವಿವರಿಸಬಹುದಿತ್ತು, ಆದರೆ ಅಷ್ಟರಲ್ಲಿ ಬೆಲ್ ಹೊಡೆಯಿತು.

ಆ ವರ್ಷ ಊರಿನ ಗಾಳಿ ಕೆಟ್ಟಿತ್ತು ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಬೀದಿಯಲ್ಲಿ ಏನೂ ನಡೆದಿರಲಿಲ್ಲ, ನಡೆದದ್ದೆಲ್ಲ ಫೋನಿನಲ್ಲಿ. ಎಲ್ಲೋ ದೂರದ ಊರಿನಲ್ಲಿ ಯಾರೋ ಹೊಡೆದಾಡಿಕೊಂಡರೆ ಮಾರನೆಯ ದಿನ ನಮ್ಮ ಒಂಬತ್ತನೇ ತರಗತಿಯ ಹುಡುಗರು ಕ್ರಿಕೆಟ್ ತಂಡ ಬೇರೆ ಮಾಡಿಕೊಳ್ಳುತ್ತಿದ್ದರು. ನಮ್ಮ ಶಾಲೆ ಇರುವುದೇ ಅಂಥ ಜಾಗದಲ್ಲಿ. ಅರ್ಧ ಮಕ್ಕಳು ಲಷ್ಕರ್ ಮೊಹಲ್ಲಾದ ಕಡೆಯಿಂದ ಬರುತ್ತಾರೆ, ಇನ್ನರ್ಧ ದೇವರಾಜ ಮೊಹಲ್ಲಾದಿಂದ. ಹಿಂದೆ ತಂಡ ಮಾಡುವಾಗ ಬೌಲಿಂಗ್ ಯಾರಿಗೆ ಬರುತ್ತದೆ ಎಂದು ನೋಡುತ್ತಿದ್ದರು. ಈಗ ಹೆಸರು ನೋಡತೊಡಗಿದರು. ಎರಡು ತಂಡಗಳೂ ದರಿದ್ರವಾಗಿ ಆಡಲು ಶುರುಮಾಡಿದವು.

ಹಾಗಾಗಿ ನಮ್ಮಲ್ಲಿ ಸೌಹಾರ್ದ ಸಂಘ ಹುಟ್ಟಿತು. ಅದನ್ನು ಹುಟ್ಟಿಸಲು ಹೊರಗಿನಿಂದ ಒಬ್ಬ ತರಬೇತುದಾರ ಬಂದ. ಖಾದಿ ಜುಬ್ಬಾ, ಮೃದು ದನಿ, ಚೀಲದಲ್ಲಿ ಬಣ್ಣದ ಚಾರ್ಟುಗಳು, ಒಂದು ಪುಟ್ಟ ಹಿತ್ತಾಳೆ ಗಂಟೆ. ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ ಗಂಟೆ ಬಾರಿಸಿದ. "ಕಣ್ಣು ಮುಚ್ಚಿಕೊಳ್ಳಿ. ನಿಮ್ಮ ಶತ್ರು ನಿಮ್ಮ ಕಡೆಗೆ ನಡೆದು ಬರುತ್ತಿದ್ದಾನೆ. ಅವನನ್ನು ನೋಡಿ ಮುಗುಳ್ನಗಿ," ಎಂದ. ಸರಿಯಾಗಿ ಆ ಹೊತ್ತಿಗೆ ನಮ್ಮ ಗಣಿತದ ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. ಕಣ್ಣು ಪೂರ್ತಿ ಮುಚ್ಚದ ಹುಡುಗನೊಬ್ಬ, "ಬಂದ್ರು ಕಣ್ರೋ, ನಗ್ರೋ!" ಎಂದ. ಇಡೀ ವೃತ್ತ ನಕ್ಕಿತು. ತರಬೇತುದಾರ ತನ್ನ ವಿಧಾನ ಇಷ್ಟು ಬೇಗ ಫಲ ಕೊಟ್ಟದ್ದು ಕಂಡು ಬೆರಗಾದ.

ಅವನು ಹೋದ ಮೇಲೆ ಒಂಬತ್ತನೇ ತರಗತಿಗೆ ವಾರಕ್ಕೊಂದು ಶಾಂತಿಯ ಪೀರಿಯಡ್, ಅದು ನನ್ನದು. ಒಂದು ತಿಂಗಳಲ್ಲೇ ನನಗೊಂದು ವಿಷಯ ಅರ್ಥವಾಯಿತು. ಮಕ್ಕಳಿಗೆ ಶಾಂತಿಯ ಉತ್ತರಗಳೆಲ್ಲ ಮೊದಲೇ ಬಾಯಿಪಾಠ. ನಾವೆಲ್ಲರೂ ಒಂದೇ ತಾಯಿಯ ಮಕ್ಕಳು ಎಂದು ಮುದ್ದಾಗಿ ಬರೆದುಕೊಟ್ಟು, ಊಟದ ಬೆಲ್ ಆದ ಕೂಡಲೇ ಎರಡು ಗುಂಪಾಗಿ ಎರಡು ನಲ್ಲಿಗೆ ಹೋಗುತ್ತಿದ್ದರು. ಗಣಿತದಲ್ಲಾದರೆ ತಪ್ಪು ಉತ್ತರ ಬರೆದವನನ್ನು ಹಿಡಿಯಬಹುದು. ಇಲ್ಲಿ ತಪ್ಪು ಉತ್ತರ ಬರೆಯುವವನೇ ಇಲ್ಲ. ಯಾರನ್ನು ತಿದ್ದಲಿ?

ಇಡೀ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಮಾತ್ರ ಯಾವಾಗಲೂ ಗಲಾಟೆ. ಅಲ್ಲಿ ಇಬ್ಬರು ಹುಡುಗಿಯರು ಕೂರುತ್ತಿದ್ದರು. ಒಬ್ಬಳ ಅಪ್ಪನದು ದೇವರಾಜ ಮೊಹಲ್ಲಾದಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಇನ್ನೊಬ್ಬಳ ಅಪ್ಪನದು ಲಷ್ಕರ್ ಮೊಹಲ್ಲಾದಲ್ಲಿ ಬೀಗ ರಿಪೇರಿ ಅಂಗಡಿ. ನಾನು ಮನಸ್ಸಿನಲ್ಲೇ ಅವರನ್ನು ಪಾತ್ರೆಯವಳು, ಬೀಗದವಳು ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಪಾತ್ರೆಯವಳು ಹಿಂದೂ, ಬೀಗದವಳು ಮುಸ್ಲಿಂ. ಆರನೇ ತರಗತಿಯಿಂದ ಒಂದೇ ಬೆಂಚು, ಆರನೇ ತರಗತಿಯಿಂದ ಒಂದೇ ಸಮ ಜಗಳ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ. ಚಿತ್ರಾನ್ನಕ್ಕೆ ಕಡಲೆಬೀಜ ಬೇಕೋ ಬೇಡವೋ. ಬೆಂಚಿನ ಮಧ್ಯೆ ಕೈವಾರದಲ್ಲಿ ಗೆರೆ ಕೊರೆದಿದ್ದರು, ಗೆರೆ ದಾಟಿದ ಮೊಣಕೈಗೆ ಗುದ್ದು. ಗುದ್ದಿದ ಮೇಲೆ ಅದೇ ಗೆರೆಯ ಮೇಲೆ ಡಬ್ಬಿಯಿಟ್ಟು ಇಬ್ಬರೂ ಉಣ್ಣುತ್ತಿದ್ದರು. "ಎದ್ದು ನಿಲ್ಲಿ ಇಬ್ಬರೂ!" ಎಂದು ನಾನು ದಿನಕ್ಕೊಮ್ಮೆಯಾದರೂ ಕೂಗುತ್ತಿದ್ದೆ. ಎದ್ದು ನಿಂತೂ ಪಿಸುಗುಟ್ಟಿ ವಾದ ಮಾಡುತ್ತಿದ್ದರು. ನನಗೆ ಅವರನ್ನು ಕಂಡರೆ ತುಂಬಾ ಇಷ್ಟ. ಮೇಷ್ಟ್ರುಗಳಿಗೆ ಪಕ್ಷಪಾತ ಇರಬಾರದು ಎನ್ನುತ್ತಾರೆ, ಹಾಗೆ ಹೇಳುವವರು ಪಾಠ ಮಾಡಿರುವುದಿಲ್ಲ.

ಡಿಸೆಂಬರಿನಲ್ಲಿ ಸೌಹಾರ್ದ ದಿನಾಚರಣೆ ಎಂದಾಯಿತು. ತರಬೇತುದಾರ ಮತ್ತೆ ಬಂದ. ಬೇರೆ ಬೇರೆ ಧರ್ಮದ ಇಬ್ಬರು ಗೆಳೆಯರು ನಿಮ್ಮಲ್ಲಿದ್ದಾರಾ ಎಂದು ತರಗತಿಯಲ್ಲಿ ಕೇಳಿದ. ಎಲ್ಲರೂ ಆ ಬೆಂಚಿನ ಕಡೆ ತಿರುಗಿದರು. ಆ ಇಬ್ಬರು ಮಾತ್ರ ತಮ್ಮ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು.

"ಗುರುತು ಕಾಣಬೇಕು ಮೇಡಂ," ಎಂದ ತರಬೇತುದಾರ ನನ್ನ ಬಳಿ, ಅವರಿಬ್ಬರನ್ನೇ ವೇದಿಕೆಗೆ ಹತ್ತಿಸುವುದೆಂದು ತೀರ್ಮಾನವಾದ ಮೇಲೆ. "ಇಬ್ಬರೂ ಯೂನಿಫಾರಂನಲ್ಲೇ ಇದ್ದರೆ ಯಾರು ಯಾರು ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗದೇ ಇರೋದೇ ಅಲ್ವೇನ್ರೀ ನಿಮಗೆ ಬೇಕಾಗಿರೋದು?" ಎಂದೆ.

ಅವನು ನನ್ನನ್ನು ನೋಡಿ ಮುಗುಳ್ನಕ್ಕ. ಶತ್ರುವನ್ನು ನೋಡಿ ನಗುವ ವಿದ್ಯೆ ಅವನಿಗೆ ಚೆನ್ನಾಗಿ ಬರುತ್ತಿತ್ತು. ಹೆಡ್‌ಮಾಸ್ಟರು ಅವನ ಪರ ನಿಂತರು. ಪಾತ್ರೆಯವಳಿಗೆ ರೇಷ್ಮೆ ಲಂಗ, ಮೊಳದುದ್ದ ಮಲ್ಲಿಗೆ, ಹಣೆಯ ತುಂಬ ಕುಂಕುಮ. ಬೀಗದವಳಿಗೆ ಅವಳಕ್ಕನ ಬುರ್ಖಾ. ಉದ್ದ ಜಾಸ್ತಿಯಾಗಿ ಪಿನ್ನು ಹಾಕಬೇಕಾಯಿತು. ಪರದೆಯ ಹಿಂದೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಾರಿಹಬ್ಬಕ್ಕೆ ಹೊರಟವಳ ಥರಾ ಇದ್ದೀಯ ಕಣೇ," ಎಂದಳು ಬೀಗದವಳು. "ನೀನು ಕೊಡೆ ಮಡಚಿಟ್ಟಂಗೆ ಇದ್ದೀಯ," ಎಂದಳು ಇವಳು.

ಅವರಿಬ್ಬರೂ ಕೈ ಹಿಡಿದು ರಟ್ಟಿನ ಭೂಗೋಳವೊಂದನ್ನು ಎತ್ತಿ ನಿಂತರು. ಶಾಂತಿಯ ಸಂಕೇತವಾಗಿ ಬಿಳಿ ಪಾರಿವಾಳ ಹಾರಿಬಿಟ್ಟರು. ನಮ್ಮ ಜವಾನ ಅದನ್ನು ಮೊಹಲ್ಲಾದಲ್ಲಿ ಪಾರಿವಾಳ ಸಾಕುವವರೊಬ್ಬರಿಂದ ಕಡ ತಂದಿದ್ದ. ಅದು ಸೌಂಡ್ ಬಾಕ್ಸಿನ ಮೇಲೆ ಕೂತು ಅತಿಥಿಗಳ ಭಾಷಣ ಪೂರ್ತಿ ಕೇಳಿ, ಮಾಡಬೇಕಾದ್ದನ್ನು ಅಲ್ಲೇ ಮಾಡಿ, ಆಮೇಲೆ ತನ್ನ ಮಾಲೀಕರ ಮನೆಗೆ ಹೋಯಿತು. ಹೆಡ್‌ಮಾಸ್ಟರು ಫೋಟೋ ತೆಗೆದು ಶಾಲೆಯ ಗ್ರೂಪಿಗೆ ಹಾಕಿದರು.

ಆ ಫೋಟೋ ಶಾಲೆಯ ಗ್ರೂಪಿನಲ್ಲಿ ನಿಲ್ಲಲಿಲ್ಲ. ಎರಡು ದಿನದೊಳಗೆ ಆ ಕಡೆಯ ಗ್ರೂಪುಗಳಿಗೂ ಈ ಕಡೆಯ ಗ್ರೂಪುಗಳಿಗೂ ಹೋಗಿತ್ತು. ಯೂನಿಫಾರಂನಲ್ಲಿದ್ದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ ಯಾರ ಮಗಳು, ಯಾವ ಅಂಗಡಿ ಎಂದು ಯಾರೋ ಕೇಳಿದ್ದರು, ಯಾರೋ ಉತ್ತರವನ್ನೂ ಕೊಟ್ಟಿದ್ದರು.

ಇಬ್ಬರ ತಾಯಂದಿರೂ ಒಂದೇ ಬೆಳಿಗ್ಗೆ ಶಾಲೆಗೆ ಬಂದರು, ಒಬ್ಬರ ಮುಖ ಒಬ್ಬರು ನೋಡದೆ ಸ್ಟಾಫ್ ರೂಮಿನ ಬಾಗಿಲ ಆಚೆ ಈಚೆ ನಿಂತಿದ್ದರು.

"ನಮ್ಮುಡ್ಗೀನ ಬೇರೆ ಬೆಂಚಿಗೆ ಹಾಕ್ಬುಡಿ ಮೇಡಂ," ಎಂದರು ಪಾತ್ರೆಯವಳ ತಾಯಿ. "ನನ್ ಮನಸ್ನಾಗೇನಿಲ್ಲ ಕಣ್ರೀ. ಆ ಮಗು ನಮ್ಮನೇಲಿ ಉಂಡವ್ಳೆ. ಆದ್ರೆ ಅಂಗಡಿ ಮುಂದೆ ಬಂದು ನಿಂತ್ಕೊಂಡು ಕೇಳ್ತಾರೆ. ನಮ್ಮೆಜಮಾನ್ರು ಏನಂತ ಉತ್ತರ ಕೊಟ್ಟಾರು?"

ಬೀಗದವಳ ತಾಯಿ ಅವರ ಮಾತು ಮುಗಿಯುವವರೆಗೂ ಕಾದರು. "ಅವ್ರು ಏನ್ ಕೇಳಿದ್ರೋ ನಾನೂ ಅದನ್ನೇ ಕೇಳೋಕೆ ಬಂದೆ ಮೇಡಂ. ಹೆಣ್ಮಗೂನ ಸ್ಟೇಜ್ ಮೇಲೆ ಯಾಕೆ ನಿಲ್ಸಿದ್ರಿ ಅಂತ ಅವಳ ಚಿಕ್ಕಪ್ಪ ಮನೇಗೇ ಬಂದ್ಬುಟ್ಟಿದ್ರು. ಸ್ಕೂಲೇ ಬಿಡಿಸ್ಬುಡಿ ಅಂತವ್ರೆ."

ನಾನು ಕೂಗಾಡಿದೆ. ಮಕ್ಕಳು ಯಾರ ಪಕ್ಕ ಕೂರಬೇಕೆಂದು ವಾಟ್ಸಾಪ್ ಹೇಳಬೇಕೇನ್ರೀ ಎಂದೆ. ಆ ತಾಯಂದಿರಲ್ಲಿ ದ್ವೇಷವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಸರಿಯಾಗಿ ಬೈದು ಕಳಿಸುತ್ತಿದ್ದೆ. ಇದ್ದದ್ದು ಬರೀ ಹೆದರಿಕೆ. ಹೆದರಿದವರಿಗೆ ಬೈದು ಏನು ಪ್ರಯೋಜನ? ಪಾತ್ರೆಯವಳನ್ನು ಕಿಟಕಿಯ ಪಕ್ಕಕ್ಕೂ ಬೀಗದವಳನ್ನು ಬಾಗಿಲ ಪಕ್ಕಕ್ಕೂ ಕೂರಿಸಿದೆ.

ಅಂದಿನಿಂದ ತರಗತಿ ತಣ್ಣಗಾಯಿತು. ಇಬ್ಬರೂ ಮಾತಾಡುವುದನ್ನೇ ಬಿಟ್ಟರು. ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದರು. ಒಂದು ದಿನ ಪಾತ್ರೆಯವಳ ಸ್ಕೇಲು ಕೆಳಗೆ ಬಿತ್ತು. ಬೀಗದವಳು ಎತ್ತಿಕೊಟ್ಟಳು. "ಥ್ಯಾಂಕ್ಸ್," ಎಂದಳು ಇವಳು. "ಪರವಾಗಿಲ್ಲ," ಎಂದಳು ಅವಳು. ಹಿಂದೆಲ್ಲ ಸ್ಕೇಲು ಬಿದ್ದರೆ ಅದನ್ನು ಕಾಲಿನಿಂದ ಒತ್ತಿ ಹಿಡಿದು ಹತ್ತು ಸಲ ಬೇಡಿಸಿಕೊಂಡ ಮೇಲೆ ಕೊಡುತ್ತಿದ್ದವಳು! ಅಷ್ಟು ಮರ್ಯಾದೆಯನ್ನು ನಾನು ಸತ್ತವರ ಮನೆಯಲ್ಲಿ ಮಾತ್ರ ನೋಡಿದ್ದೆ.

ಹೆಡ್‌ಮಾಸ್ಟರು ವರದಿಯಲ್ಲಿ ತರಗತಿಯಲ್ಲಿ ಸಂಪೂರ್ಣ ಶಾಂತಿ ನೆಲೆಸಿದೆ ಎಂದು ಬರೆದು ಮೇಲಕ್ಕೆ ಕಳಿಸಿದರು. ಅದು ಸುಳ್ಳೇನೂ ಅಲ್ಲ.

ಜನವರಿಯಲ್ಲಿ ಅಂತರಶಾಲಾ ಚರ್ಚಾಸ್ಪರ್ಧೆಯ ಸುತ್ತೋಲೆ ಬಂತು. ಕನ್ನಡ ಮೇಡಂ ಆದ್ದರಿಂದ ಅದು ಪ್ರತಿವರ್ಷ ನನ್ನ ತಲೆನೋವು. ವಿಷಯ ಮಾಮೂಲಿ: ಮಕ್ಕಳ ಕೈಯಲ್ಲಿ ಮೊಬೈಲ್ ಬೇಕೇ ಬೇಡವೇ. ನಿಯಮವೂ ಮಾಮೂಲಿ: ಶಾಲೆಗೊಂದು ತಂಡ, ತಂಡಕ್ಕೆ ಇಬ್ಬರು. ಒಬ್ಬರು ವಿಷಯದ ಪರ ಮಾತಾಡಬೇಕು, ಇನ್ನೊಬ್ಬರು ವಿರೋಧ. ವೇದಿಕೆಯ ಮೇಲೆ ಒಬ್ಬರ ವಾದವನ್ನೊಬ್ಬರು ಹರಿದು ಹಾಕಬೇಕು, ಕೊನೆಗೆ ಇಬ್ಬರ ಅಂಕವನ್ನೂ ಕೂಡಿಸಿ ತಂಡಕ್ಕೆ ಪರ್ಯಾಯ ಫಲಕ ಕೊಡುತ್ತಾರೆ. ನಾನು ವರ್ಷವರ್ಷವೂ ಓದಿ ಬೋರ್ಡಿಗೆ ಅಂಟಿಸಿದ ನಿಯಮ ಅದು. ಆ ದಿನ ಅಂಟಿಸಲು ಹೋದವಳು ಗೋಂದು ಕೈಯಲ್ಲಿ ಹಿಡಿದುಕೊಂಡೇ ನಿಂತೆ.

ಇಬ್ಬರು ತಾಯಂದಿರಿಗೂ ಬೇರೆ ಬೇರೆ ಹೇಳಿ ಕಳಿಸಿದೆ.

"ಆ ಹುಡ್ಗೀ ಜೊತೇಲಾ?" ಎಂದರು ಬೀಗದವಳ ತಾಯಿ.

"ಜೊತೇಲಿ ಅಲ್ಲ. ಅವಳಿಗೆ ವಿರುದ್ಧ."

"ವಿರುದ್ಧಾನಾ?"

"ಪೂರ್ತಿ ವಿರುದ್ಧ. ಅವಳು ಏನಂದ್ರೂ ನಿಮ್ಮ ಮಗಳು ತಪ್ಪು ಅನ್ನಬೇಕು."

"ಅಂಗಾದ್ರೆ ಅವಳ ಚಿಕ್ಕಪ್ಪಂಗೆ ಹೇಳ್ಬೋದು," ಎಂದರು. ಪಾತ್ರೆಯವಳ ತಾಯಿಗೂ ಇದನ್ನೇ ಹೇಳಿದೆ. ಅವರು ಮಗಳಿಗೆ, "ಬಿಡ್ಬೇಡ, ಚೆನ್ನಾಗಿ ಮಾತಾಡು," ಎಂದರಂತೆ. ಅಂಕ ಕೂಡಿಸುವ ನಿಯಮದ ಬಗ್ಗೆ ಇಬ್ಬರೂ ಕೇಳಲಿಲ್ಲ. ಕೇಳದ್ದಕ್ಕೆ ಉತ್ತರ ಕೊಡಬಾರದೆಂದು ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ.

ಶಾಲೆ ಬಿಟ್ಟ ಮೇಲೆ ಡ್ರಾಯಿಂಗ್ ರೂಮಿನಲ್ಲಿ ಅಭ್ಯಾಸ. ಇಬ್ಬರೂ ಕೋಣೆಯ ಎರಡು ತುದಿಗಳಲ್ಲಿ ನಿಂತರು. ಪಾತ್ರೆಯವಳು ಮೊಬೈಲಿನ ಪರ, ಬೀಗದವಳು ವಿರೋಧ. ಎಂಥ ನೀರಸ! "ಗೌರವಾನ್ವಿತ ಎದುರಾಳಿಯವರ ಅಭಿಪ್ರಾಯವನ್ನು ನಾನು ಗೌರವಿಸುತ್ತೇನೆ," ಎಂದು ಒಬ್ಬಳು. "ತಮ್ಮ ಮಾತಿನಲ್ಲೂ ಸತ್ಯಾಂಶವಿದೆ," ಎಂದು ಇನ್ನೊಬ್ಬಳು. ಎಲ್ಲ ಆ ತರಬೇತುದಾರನ ಚಾರ್ಟಿನಿಂದ ಬಂದ ಮಾತುಗಳು. ನಾನು ಮೇಜಿನ ಮೇಲೆ ಡಸ್ಟರ್ ಕುಟ್ಟಿದೆ.

"ಗೌರವ ಆಮೇಲೆ. ಮೊದಲು ಅವಳು ಹೇಳಿದ್ದು ತಪ್ಪು ಅನ್ನು! ಜಗಳ ಆಡೋದನ್ನೂ ನಾನೇ ಹೇಳಿಕೊಡಬೇಕೇನ್ರೇ ನಿಮಗೆ?"

ಪಾತ್ರೆಯವಳು ಮತ್ತೆ ಶುರುಮಾಡಿದಳು. ಮೊಬೈಲಿನಿಂದ ಜ್ಞಾನ ಬೆಳೆಯುತ್ತದೆ, ಮೊಬೈಲಿನಿಂದ ಸ್ನೇಹ ಬೆಳೆಯುತ್ತದೆ.

"ತಪ್ಪು," ಎಂದಳು ಬೀಗದವಳು. "ಮೊಬೈಲಿನಿಂದ ಸ್ನೇಹ ಬೆಳೆಯುತ್ತದೆ ಎನ್ನುತ್ತೀರಿ. ಮೊಬೈಲಿನಲ್ಲಿ ಒಂದೇ ಒಂದು ಫೋಟೋ ಬಂದಿದ್ದಕ್ಕೆ ನೀವು... ನೀನು ನನ್ನ ಜೊತೆ ಮಾತೇ ಬಿಟ್ಬುಟ್ಟೆ. ಅದು ಏನನ್ನ ಬೆಳೆಸ್ತು?"

"ನಾನಾ ಬಿಟ್ಟಿದ್ದು?" ಪಾತ್ರೆಯವಳ ಕೈಯಲ್ಲಿದ್ದ ಚೀಟಿಗಳು ಕೆಳಗೆ ಬಿದ್ದವು. "ಬ್ಯಾಗ್ ಎತ್ಕೊಂಡು ಆ ಬೆಂಚಿಗೆ ಹೋದೋಳು ತಿರುಗಿ ಕೂಡ ನೋಡ್ಲಿಲ್ಲ ನೀನು!"

"ನೋಡಿದ್ರೆ ಅಳು ಬರ್ತಿತ್ತು ಕಣೇ ಗೂಬೆ!"

"ನನ್ನ ಗೂಬೆ ಅನ್ಬೇಡ!"

"ಗೂಬೆ! ಗೂಬೆ! ಗೂಬೆ!"

ಆಮೇಲೆ ಇಬ್ಬರೂ ಏನೇನು ಕೂಗಿದರೋ ನನಗೆ ಪೂರ್ತಿ ಗೊತ್ತಿಲ್ಲ. ನಿಮ್ಮಮ್ಮ ಮೊದಲು ಬಂದಿದ್ದು, ಇಲ್ಲ ನಿಮ್ಮಮ್ಮ. ನನ್ನ ಕೈವಾರ ಇನ್ನೂ ನಿನ್ನ ಹತ್ರಾನೇ ಇದೆ, ಕೊಡಲ್ಲ ಹೋಗೇ. ಇಬ್ಬರೂ ಅಳುತ್ತಲೇ ಕೂಗುತ್ತಿದ್ದರು. ಕೋಣೆಯ ಎರಡು ತುದಿಗಳಲ್ಲಿದ್ದವರು ಯಾವಾಗಲೋ ನಡುವೆ ಬಂದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಜವಾನ ಓಡಿ ಬಂದು, "ಏನ್ ಮೇಡಂ, ಒಡೆದಾಡ್ತಾವಾ?" ಎಂದ. "ಇಲ್ಲ ಕಣಪ್ಪ, ಪ್ರಾಕ್ಟೀಸ್ ನಡೀತಿದೆ. ಬಾಗಿಲು ಹಾಕ್ಕೊಂಡು ಹೋಗು," ಎಂದೆ. ನನ್ನ ಕಣ್ಣಲ್ಲೂ ನೀರು ಬಂದಿತ್ತು. ಸೀಮೆಸುಣ್ಣದ ಧೂಳು ಎಂದು ಬರೆಯಬಹುದಿತ್ತು, ಬರೆಯುವುದಿಲ್ಲ. ಅಷ್ಟು ಸಂತೋಷ ನನಗೆ ಆ ವರ್ಷ ಬೇರೆ ಯಾವುದರಿಂದಲೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ದಿನಾ ಸಂಜೆ ಜಗಳ. ಮನೆಯಲ್ಲಿ ಯಾರಾದರೂ ಕೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು, ಅವಳ ವಿರುದ್ಧ ತಯಾರಿ ಮಾಡುತ್ತಿದ್ದೇನೆ ಎಂದು. ಡಬ್ಬಿಗಳೂ ಡ್ರಾಯಿಂಗ್ ರೂಮಿಗೆ ಬರತೊಡಗಿದವು.

ಸ್ಪರ್ಧೆ ನಡೆದದ್ದು ರಾಮಕೃಷ್ಣನಗರದ ಒಂದು ಸಭಾಂಗಣದಲ್ಲಿ, ನನ್ನ ಮನೆಯಿಂದ ಕೂಗಳತೆಯಲ್ಲಿ. ತಾಯಂದಿರು ಬೇರೆ ಬೇರೆ ಆಟೋಗಳಲ್ಲಿ ಬಂದು ಬೇರೆ ಬೇರೆ ಮೂಲೆಗಳಲ್ಲಿ ಕೂತರು. ನಮ್ಮವರ ಸರದಿ ಬಂದಾಗ ಪಾತ್ರೆಯವಳು ಚೆನ್ನಾಗಿಯೇ ಮಾತಾಡಿದಳು. ಬೀಗದವಳು ಅವಳನ್ನು ಅದಕ್ಕಿಂತ ಚೆನ್ನಾಗಿ ಖಂಡಿಸಿದಳು. ತೊಂದರೆ ಏನಾಯಿತೆಂದರೆ, ಸಮಯದ ಗಂಟೆ ಹೊಡೆದರೂ ಇಬ್ಬರೂ ನಿಲ್ಲಿಸಲಿಲ್ಲ. ತೀರ್ಪುಗಾರರು ಎರಡನೇ ಗಂಟೆ ಹೊಡೆದರು. ಬೀಗದವಳು ಅವರ ಕಡೆ ತಿರುಗಿ, "ಒಂದು ನಿಮಿಷ ಇರಿ ಸರ್, ಇವಳು ಇನ್ನೂ ಒಪ್ಪಿಲ್ಲ," ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಹೆಡ್‌ಮಾಸ್ಟರು ಹಣೆ ಹಣೆ ಚಚ್ಚಿಕೊಂಡರು.

ಫಲಕ ನಮಗೆ ಬರಲಿಲ್ಲ. ಎಲ್ಲ ಶಾಲೆಗಳ ಅಂಕ ಓದುವಾಗ ನಮ್ಮದು ಕೊನೆಯಿಂದ ಎರಡನೆಯದು. ಇಬ್ಬರ ಅಂಕ ಹೇಳಿ, ಕೂಡಿಸಿ, ಸಮಯ ಮೀರಿದ್ದಕ್ಕೆ ಕಳೆದು ಓದಿದರು. ಪಾತ್ರೆಯವಳ ತಾಯಿ ನನ್ನ ಹತ್ತಿರ ಬಂದರು.

"ಯಾಕ್ ಮೇಡಂ ಕೂಡ್ಸಿದ್ರು?"

"ಇಬ್ಬರೂ ಒಂದೇ ತಂಡ ಕಣಮ್ಮ. ನಿಯಮಾನೇ ಹಾಗೆ."

"ಅಂದ್ರೆ ಇವ್ಳು ಸೋತ್ರೆ ಅವ್ಳೂ ಸೋತಂಗಾ?"

"ಹೌದು."

"ಅವ್ಳು ಗೆದ್ದಿದ್ರೆ ಇವ್ಳೂ ಗೆದ್ದಂಗಾ?"

"ಹೌದಮ್ಮ."

ಅಷ್ಟರಲ್ಲಿ ಬೀಗದವಳ ತಾಯಿಯೂ ಬಂದು ಪಕ್ಕದಲ್ಲಿ ನಿಂತಿದ್ದರು. ಅವರೂ ಕೇಳಿಸಿಕೊಂಡಿದ್ದರು. ಇದು ಇವತ್ತಿಗೆ ಮುಗಿಯಿತು, ಚಿಕ್ಕಪ್ಪನಿಗೂ ಅಂಗಡಿಯ ಮುಂದಿನವರಿಗೂ ಇನ್ನು ಹೇಳಲು ಏನೂ ಉಳಿಯಲಿಲ್ಲ ಎಂದುಕೊಂಡೆ.

ಹುಡುಗಿಯರು ಮೆಟ್ಟಿಲಿಳಿದು ಬಂದರು. ಸೋತದ್ದು ಯಾರಿಂದ ಎಂಬ ಜಗಳ ಆಗಲೇ ಶುರುವಾಗಿತ್ತು. "ನೀನು ನಿಲ್ಸಿದ್ರೆ ನಾನೂ ನಿಲ್ಲಿಸ್ತಿದ್ದೆ." "ನೀನು ಸರಿಯಾಗಿ ಉತ್ತರ ಕೊಟ್ಟಿದ್ರೆ ನಾನ್ಯಾಕೆ ಮಾತಾಡ್ತಿದ್ದೆ?" ಹೆಡ್‌ಮಾಸ್ಟರು ಎಲ್ಲ ಮರೆತವರಂತೆ ಜೇಬಿನಿಂದ ಫೋನ್ ತೆಗೆದರು. "ಇಬ್ಬರೂ ಸ್ವಲ್ಪ ಹತ್ತಿರ ನಿಲ್ರಮ್ಮ."

"ಫೋಟೋ ಬೇಡ ಸರ್!" ಎಂದರು ಇಬ್ಬರೂ ಒಂದೇ ಉಸಿರಿಗೆ. ಇಡೀ ದಿನದಲ್ಲಿ ಅವರು ಒಪ್ಪಿಕೊಂಡ ಮಾತು ಅದೊಂದೇ. ಹೆಡ್‌ಮಾಸ್ಟರು ಫೋನನ್ನು ಜೇಬಿಗಿಳಿಸಿದರು.

ಪಾತ್ರೆಯವಳ ತಾಯಿ ಜಗಳವಾಡುತ್ತಿದ್ದ ಹುಡುಗಿಯರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆ ಡಿಸೆಂಬರಿನ ಬೆಳಿಗ್ಗೆಯಿಂದ ಮೊದಲ ಬಾರಿಗೆ ಬೀಗದವಳ ತಾಯಿಯ ಮುಖ ನೋಡಿ, ನನ್ನ ಕಡೆ ತಿರುಗಿದರು.

"ಬರೋ ವರ್ಷಾನೂ ಇವಳ ವಿರುದ್ಧ ಆ ಹುಡುಗೀನೇ ಹಾಕಿ ಮೇಡಂ. ಬೇರೆ ಯಾರನ್ನೂ ಹಾಕ್ಬೇಡಿ."

"ನಮ್ಮನೇಲೂ ಅಷ್ಟೇ ಹೇಳ್ತೀನಿ," ಎಂದರು ಬೀಗದವಳ ತಾಯಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ವಿರುದ್ಧ ಅಂತ. ಕೂಡ್ಸೋ ವಿಷಯ ಅವ್ರಿಗ್ಯಾಕೆ?"